ಪುಟ ಎಲ್ಲಿ ಕೆಟ್ಟಿದೆ? ಕಲಾ ಪತ್ರಿಕೆಯ ಲೇಔಟ್ ದೋಷ ಹುಡುಕುವ ಕ್ರಮ

"ಏನೋ ಸರಿ ಕಾಣ್ತಿಲ್ಲ." ಪುಟ ನೋಡಿದವರು ಸಾಮಾನ್ಯವಾಗಿ ಹೇಳುವುದು ಇಷ್ಟೇ. ಕೂಡಲೇ ಲೇಔಟ್ (ಪುಟ ಜೋಡಣೆ) ಮಾಡುವವರು ಮೌಸ್ ಹಿಡಿದು ಚಿತ್ರವನ್ನು ಆ ಕಡೆ ಈ ಕಡೆ ಸರಿಸಲು ಶುರು ಮಾಡುತ್ತಾರೆ. ತಲೆಬರಹದ ಫಾಂಟ್ ಬದಲಾಗುತ್ತದೆ. ಹಿಂದೆ ಒಂದು ಬಣ್ಣ ಬರುತ್ತದೆ. ಅರ್ಧ ದಿನ ಹೋದ ಮೇಲೂ ಅದೇ ಮಾತು.

ಪುಟದಲ್ಲಿ ತೊಂದರೆ ಕಾಣುವ ಜಾಗ ಒಂದು, ಅದು ಹುಟ್ಟಿದ ಜಾಗ ಇನ್ನೊಂದು. ಮೊಬೈಲಿನಲ್ಲಿ ಬಂದ ಸಣ್ಣ ಫೋಟೊ, ಪುಟಕ್ಕೆ ಹಿಡಿಸದಷ್ಟು ಉದ್ದದ ಲೇಖನ, ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಫೈಲು: ಇವು ಎಷ್ಟು ಸರಿಸಾಡಿದರೂ ಸರಿಹೋಗುವುದಿಲ್ಲ. ಮೊದಲು ದೋಷಕ್ಕೆ ಹೆಸರು ಹಚ್ಚಬೇಕು, ಆಮೇಲೆ ಕೈ ಹಾಕಬೇಕು.

ದಾವಣಗೆರೆಯಂಥ ಊರಿನಲ್ಲಿ ದೃಶ್ಯಕಲಾ ಕಾಲೇಜಿನ ಗೆಳೆಯರು ಸೇರಿಯೋ, ಡಿಟಿಪಿ ಸೆಂಟರಿನಲ್ಲಿ ಕೂತೋ ಕಲಾ ಪತ್ರಿಕೆ ತರುವವರಿಗಾಗಿ ಇದನ್ನು ಬರೆದಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ವಿಷಯ ಮಾತ್ರ ಎಲ್ಲ ಕಡೆಗೂ ಅನ್ವಯಿಸುತ್ತದೆ. ಕಲಾ ಪತ್ರಿಕೆಯಲ್ಲಿ ಪುಟ ಇರುವುದು ಚಿತ್ರಕ್ಕಾಗಿ. ಅನುಮಾನ ಬಂದಾಗಲೆಲ್ಲ ಚಿತ್ರದ ಪರವಾಗಿ ತೀರ್ಮಾನ ಮಾಡಿ.

ಯಾವ ದೋಷವೇ ಇರಲಿ, ಮೊದಲು ಒಂದು ಪ್ರಿಂಟ್

ಪರದೆಯ ಮೇಲೆ ಪುಟ ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣುತ್ತದೆ, ನಿಜವಾದ ಅಳತೆಯಲ್ಲಿ ಕಾಣುವುದು ಅಪರೂಪ. ನಿಮ್ಮ ಪತ್ರಿಕೆ ಎ4 ಅಳತೆಯದಾದರೆ ಎದುರು ಬದುರಿನ ಎರಡು ಪುಟ ಸೇರಿ ಒಂದು ಎ3 ಹಾಳೆ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲೇ ತೆಗೆಸಿ. ಪ್ರಿಂಟ್ ಮಾಡುವಾಗ ಅಳತೆ 100% ಇರಲಿ. "ಫಿಟ್ ಟು ಪೇಜ್" ಗುರುತು ತೆಗೆಯಲು ಅಂಗಡಿಯವರಿಗೆ ನೆನಪಿಸಿ, ಅದಿದ್ದರೆ ಅಕ್ಷರ ಸುಮ್ನೆ ಚಿಕ್ಕದಾಗಿ ಬಂದು ದಾರಿ ತಪ್ಪಿಸುತ್ತದೆ.

ಹಾಳೆಯನ್ನು ಗೋಡೆಗೆ ಅಂಟಿಸಿ, ಆರೇಳು ಅಡಿ ಹಿಂದೆ ನಿಲ್ಲಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಚಿತ್ರಕ್ಕೆ ಹೋದರೆ ಪುಟದ ಅಡಿಪಾಯ ಚೆನ್ನಾಗಿದೆ. ತಲೆಬರಹಕ್ಕೋ ಯಾವುದೋ ಡಬ್ಬಿಗೋ ಹೋದರೆ ಕೆಳಗಿನ ಮೊದಲ ದೋಷ ನೋಡಿ. ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿ. ಓದಲು ಆಗದಿದ್ದಾಗ ಆಕಾರ ಮಾತ್ರ ಉಳಿಯುತ್ತದೆ. ಯಾವ ಕಡೆ ಭಾರ ಜಾಸ್ತಿ, ಎಲ್ಲಿ ಬಿಳಿ ಜಾಗ ಸಿಕ್ಕಿಹಾಕಿಕೊಂಡಿದೆ ಅನ್ನುವುದು ಆಗ ತಕ್ಷಣ ಕಾಣುತ್ತದೆ. ತೊಂದರೆ ಇದ್ದ ಜಾಗಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ. ಇನ್ನೂ ಕಂಪ್ಯೂಟರ್ ಮುಟ್ಟಬೇಡಿ.

"ಪುಟ ತುಂಬಿ ಹೋಗಿದೆ, ಎಲ್ಲಿ ನೋಡಬೇಕೋ ಗೊತ್ತಾಗ್ತಿಲ್ಲ"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು.

ಮೊದಲು ಪುಟದಿಂದ ತೆಗೆಯುವುದನ್ನು ಮಾಡಿ ನೋಡಿ. ಚಿತ್ರದ ಸುತ್ತಲಿನ ಗೆರೆ, ನೆರಳು, ಹಿನ್ನೆಲೆಯ ತೆಳು ಬಣ್ಣ, ಮೂಲೆಯ ಹೂಬಳ್ಳಿ ಎಲ್ಲವನ್ನೂ ಅಳಿಸಿ ಒಂದು ಪ್ರತಿ ಉಳಿಸಿಕೊಳ್ಳಿ. ಎಷ್ಟೋ ಪುಟಗಳು ಇಷ್ಟಕ್ಕೇ ಸರಿಹೋಗುತ್ತವೆ. ವರ್ಣಚಿತ್ರದ ಹಿಂದೆ ಹಾಕಿದ ಬಣ್ಣವಂತೂ ಬರೀ ಅಲಂಕಾರವಾಗಿ ಉಳಿಯುವುದಿಲ್ಲ. ಹಳದಿ ಹಿನ್ನೆಲೆಯ ಮೇಲಿಟ್ಟ ಬೂದು ಬಣ್ಣ ಸ್ವಲ್ಪ ನೀಲಿಯಾಗಿ ಕಾಣುತ್ತದೆ. ಕಲಾವಿದರು ಹಚ್ಚಿದ್ದು ಬೂದು, ಓದುಗರು ನೋಡಿದ್ದು ನೀಲಿ. ಬಿಳಿ ಕಾಗದವೇ ಸಾಕು.

ಎರಡನೆಯದು, ಒಂದೇ ಅಳತೆಯ ಚಿತ್ರಗಳು ಎಷ್ಟಿವೆ ಎಣಿಸಿ. ನಾಲ್ಕು ಚಿತ್ರ ನಾಲ್ಕೂ ಒಂದೇ ಅಳತೆ ಇದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. "ಇದರಲ್ಲಿ ಮುಖ್ಯ ಚಿತ್ರ ಯಾವುದು?" ಎಂದು ಸಂಪಾದಕರನ್ನು ಕೇಳಿ. ಉತ್ತರ ಬಂದರೆ ಅದನ್ನು ದೊಡ್ಡದು ಮಾಡಿ, ಉಳಿದವು ತಾವಾಗಿ ಜಾಗ ಕಂಡುಕೊಳ್ಳುತ್ತವೆ. ಉತ್ತರ ಬರಲಿಲ್ಲವಾದರೆ ದೋಷ ಲೇಔಟಿನಲ್ಲಿಲ್ಲ, ಆಯ್ಕೆಯಲ್ಲಿದೆ. ಫೈಲು ಮುಚ್ಚಿ, ಆಯ್ಕೆ ಮುಗಿದ ಮೇಲೆ ಬನ್ನಿ.

ಮೂರನೆಯದು ಲೇಖನದ ಉದ್ದ. ಅಕ್ಷರ ಚಿಕ್ಕದು ಮಾಡಿ, ಅಂಚು ಕಡಿಮೆ ಮಾಡಿ, ಸಾಲು ಒತ್ತರಿಸಿ ಹಿಡಿಸಿದ ಲೇಖನ ಯಾರೂ ಓದದ ಲೇಖನ. ಒಂದು ಪ್ಯಾರಾ ಕತ್ತರಿಸಲು ಲೇಖಕರನ್ನು ಕೇಳಿ, ಇಲ್ಲವೇ ಇನ್ನೊಂದು ಪುಟ ಕೊಡಿ. ಚಿತ್ರವನ್ನು ಕುಗ್ಗಿಸುವುದು ಕೊನೆಯ ದಾರಿ.

ಹೀಗೆಲ್ಲ ಮಾಡಿದ ಮೇಲೂ ಕಣ್ಣು ಜಾರುತ್ತಿದ್ದರೆ ಎದುರಿನ ಪುಟ ನೋಡಿ. ಸಣ್ಣ ಪತ್ರಿಕೆ ಬದುಕುವುದೇ ಊರಿನ ಜಾಹೀರಾತಿನಿಂದ. ಎಡಗಡೆ ತಿಳಿಯಾದ ಜಲವರ್ಣ, ಬಲಗಡೆ ಹೊಂಬಣ್ಣದ ಬೆಣ್ಣೆ ದೋಸೆಯ ಇಡೀ ಪುಟದ ಜಾಹೀರಾತು ಇದ್ದರೆ ಜಲವರ್ಣ ಸೋಲುತ್ತದೆ. ಅದರಲ್ಲಿ ಜಾಹೀರಾತು ಕೊಟ್ಟವರ ತಪ್ಪೇನಿಲ್ಲ. ಜಾಹೀರಾತುಗಳನ್ನು ಬರಹವೇ ಹೆಚ್ಚಿರುವ ಪುಟಗಳ ಎದುರು ಹಾಕಿ, ಚಿತ್ರಪುಟಗಳನ್ನು ಜೋಡಿಯಾಗಿ ಉಳಿಸಿಕೊಳ್ಳಿ.

"ಚಿತ್ರ ಮಸುಕಾಗಿ ಬಂದಿದೆ"

ಮೊದಲ ಪ್ರಶ್ನೆ: ಚಿತ್ರ ನಿಮಗೆ ಹೇಗೆ ತಲುಪಿತು? ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದಿದ್ದರೆ ಬಹುಪಾಲು ಕಾರಣ ಅಲ್ಲೇ ಇದೆ. ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದ ಫೋಟೊದ ಉದ್ದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ಅಚ್ಚಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. 1600 ಅನ್ನು 300ರಿಂದ ಭಾಗಿಸಿದರೆ ಸುಮಾರು ಐದೂಕಾಲು ಇಂಚು. ಅಂದರೆ ಅದು ಅರ್ಧ ಪುಟದ ಚಿತ್ರ. ಇಡೀ ಎ4 ಪುಟಕ್ಕೆ 2480 × 3508 ಪಿಕ್ಸೆಲ್ ಬೇಕಾಗುತ್ತದೆ. ಅದೇ ಚಿತ್ರವನ್ನು "ಡಾಕ್ಯುಮೆಂಟ್" ಆಗಿ ಕಳಿಸಲು ಹೇಳಿ, ಮೂಲ ಫೈಲು ಹಾಗೇ ಬರುತ್ತದೆ. ಈ ಪರೀಕ್ಷೆಗೆ ಖರ್ಚಿಲ್ಲ.

ಮೂಲ ಫೈಲೇ ದೊಡ್ಡದಿದ್ದೂ ಮಸುಕು ಇದ್ದರೆ ಪುಟದಲ್ಲಿ ಎಷ್ಟು ಹಿಗ್ಗಿಸಿದ್ದೀರಿ ನೋಡಿ. 300ರ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವುದು 150. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನ ಲಿಂಕ್ಸ್ ಪಟ್ಟಿಯಲ್ಲಿ "ಎಫೆಕ್ಟಿವ್ ಪಿಪಿಐ" ಅಂತ ಇರುವುದು ಈ ಲೆಕ್ಕವೇ. ಫೋಟೊಶಾಪಿನಲ್ಲಿ ಇಂಚಿಗೆ 72 ಅಂತ ಇರುವುದನ್ನು ಅಳಿಸಿ 300 ಅಂತ ಬರೆದು ಪಿಕ್ಸೆಲ್ ಹೆಚ್ಚಿಸಿದರೆ ಫೈಲು ದಪ್ಪವಾಗುತ್ತದೆ, ಕುಂಚದ ಗೆರೆ ಮಾತ್ರ ವಾಪಸ್ ಬರುವುದಿಲ್ಲ.

ಅಂಕಿ ಸರಿ ಇದ್ದೂ ಮಸುಕು ಅಂದರೆ ಫೋಟೊ ತೆಗೆದಾಗಲೇ ಕ್ಯಾಮೆರಾ ಅಲುಗಿದೆ, ಇಲ್ಲವೇ ಫೋಕಸ್ ತಪ್ಪಿದೆ. ಇನ್ನೊಮ್ಮೆ ತೆಗೆಯಲೇಬೇಕು. ಚಿತ್ರವನ್ನು ವರಾಂಡದ ನೆರಳಿನಲ್ಲಿ, ನೇರ ಬಿಸಿಲು ಬೀಳದ ಕಡೆ ನಿಲ್ಲಿಸಿ. ಕ್ಯಾಮೆರಾ ಚಿತ್ರದ ನಡುಮಧ್ಯಕ್ಕೆ ನೇರವಾಗಿರಲಿ, ಓರೆಯಾದರೆ ಚೌಕ ಚಿತ್ರ ಕೆಳಗೆ ಅಗಲ ಮೇಲೆ ಕಿರಿದಾಗಿ ಬರುತ್ತದೆ. ಸ್ಟ್ಯಾಂಡ್ ಬಳಸಿ. ಚೌಕಟ್ಟಿನ ಗಾಜು ಹೊಳೆಯುತ್ತಿದ್ದರೆ ಗಾಜು ಬಿಚ್ಚಿಕೊಡಲು ಕಲಾವಿದರನ್ನೇ ಕೇಳಿ. ಇದ್ದಿಲು, ಪ್ಯಾಸ್ಟಲ್ ಚಿತ್ರಗಳ ಗಾಜನ್ನು ನೀವಾಗಿ ತೆಗೆಯಬೇಡಿ, ಪುಡಿ ಉದುರಿದರೆ ಆ ಚಿತ್ರ ಮತ್ತೆ ಮೊದಲಿನಂತಾಗುವುದಿಲ್ಲ. ಶಾಯಿಯ ರೇಖಾಚಿತ್ರಗಳಿಗೆ ಫೋಟೊ ಬೇಡವೇ ಬೇಡ. ಸ್ಕ್ಯಾನರಿನಲ್ಲಿ ಇಂಚಿಗೆ 600ರಿಂದ 1200ರವರೆಗೆ ಇಟ್ಟು ಸ್ಕ್ಯಾನ್ ಮಾಡಿ.

"ಮೊಳಕಾಲ್ಮೂರು ಸೀರೆಯ ಮೇಲೆ ಅಲೆ ಅಲೆಯಾಗಿ ಕಾಣ್ತಿದೆ"

ನೇಯ್ಗೆಯ ಎಳೆಗಳು ಒಂದು ಜಾಲ. ಕ್ಯಾಮೆರಾದ ಪಿಕ್ಸೆಲ್ ಇನ್ನೊಂದು ಜಾಲ. ಅಚ್ಚಿನ ಚುಕ್ಕಿ ಮೂರನೆಯದು. ಜಾಲದ ಮೇಲೆ ಜಾಲ ಬಿದ್ದಾಗ ಇಲ್ಲದ ಅಲೆಗಳು ಹುಟ್ಟುತ್ತವೆ. ಚಿತ್ರವನ್ನು ಪರದೆಯಲ್ಲಿ 100%ಗೆ ಹಿಗ್ಗಿಸಿ ನೋಡಿ. ಆಗ ಅಲೆ ಮಾಯವಾದರೆ ಅದು ಪರದೆಯ ತೊಂದರೆ. ಆದರೂ ರೇಷ್ಮೆಯ ಸಣ್ಣ ಎಳೆ ಇರುವ ಚಿತ್ರಕ್ಕೆ ಕಲರ್ ಪ್ರೂಫ್ (ಅಚ್ಚಿಗೆ ಮುನ್ನ ತೆಗೆಯುವ ಬಣ್ಣದ ಮಾದರಿ ಪ್ರತಿ) ಒಂದು ಸಾರಿ ನೋಡುವುದು ಒಳ್ಳೆಯದು. 100%ನಲ್ಲೂ ಇದ್ದರೆ ಫೋಟೊದಲ್ಲೇ ಇದೆ, ಸ್ವಲ್ಪ ದೂರ ಅಥವಾ ಕೋನ ಬದಲಿಸಿ ಮತ್ತೆ ತೆಗೆಯಿರಿ. ಹಳೆಯ ಪತ್ರಿಕೆಯಿಂದ ಸ್ಕ್ಯಾನ್ ಮಾಡಿದ ಚಿತ್ರದಲ್ಲೂ ಇದೇ ಆಗುತ್ತದೆ, ಸ್ಕ್ಯಾನರಿನ "ಡಿಸ್ಕ್ರೀನ್" ಆಯ್ಕೆ ಅದಕ್ಕೇ ಇರುವುದು.

"ಪರದೆಯಲ್ಲಿ ಇದ್ದ ಬಣ್ಣ ಅಚ್ಚಿನಲ್ಲಿ ಇಲ್ಲ"

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಇಂಕಿನಿಂದ: ತಿಳಿನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು. ಕೆಲವು ಬಣ್ಣಗಳು ಇಂಕಿಗೆ ಸಿಗುವುದೇ ಇಲ್ಲ. ತೊಗಲು ಗೊಂಬೆಯ ಫೋಟೊ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದಿನಿಂದ ದೀಪ ಬಿದ್ದಾಗ ಆ ಕೆಂಪು, ಆ ಹಸಿರು ಉರಿಯುತ್ತವೆ. ಕಾಗದದ ಮೇಲೆ ಅಷ್ಟು ಉರಿ ಬರುವುದಿಲ್ಲ. ಹೀಗಾಗಿ ಮೊದಲು ಇಷ್ಟು ನೋಡಿ.

ಪರದೆಯ ಬೆಳಕು ತುಂಬಾ ಜಾಸ್ತಿ ಇದೆಯೇ? ಪಕ್ಕದಲ್ಲಿ ಬಿಳಿ ಕಾಗದ ಹಿಡಿದು ಅದರಷ್ಟೇ ಬೆಳಕಿಗೆ ಇಳಿಸಿ. ಚಿತ್ರ ಆರ್‌ಜಿಬಿಯಲ್ಲಿದ್ದು (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ) ನೀವು ಅದನ್ನೇ ನೋಡುತ್ತಿದ್ದೀರಾ? ಫೋಟೊಶಾಪಿನಲ್ಲಿ "ಪ್ರೂಫ್ ಕಲರ್ಸ್" ಹಾಕಿ ನೋಡಿ, ಅಚ್ಚಿನಲ್ಲಿ ಏನು ಕಳೆದುಹೋಗುತ್ತದೆ ಎಂದು ಆಗಲೇ ಸ್ವಲ್ಪ ಗೊತ್ತಾಗುತ್ತದೆ. ಯಾವ ಕಾಗದ? ನುಣುಪು ಲೇಪದ ಆರ್ಟ್ ಪೇಪರ್ ಇಂಕನ್ನು ಮೇಲೇ ಹಿಡಿದುಕೊಳ್ಳುತ್ತದೆ. ಲೇಪವಿಲ್ಲದ ಮ್ಯಾಪ್ಲಿಥೋ ಕಾಗದ ಇಂಕು ಕುಡಿಯುತ್ತದೆ, ಚುಕ್ಕಿ ಹರಡಿ ಚಿತ್ರ ಕಪ್ಪಾಗುತ್ತದೆ. ಮ್ಯಾಪ್ಲಿಥೋದಲ್ಲಿ ಹಾಕುವುದಾದರೆ ಚಿತ್ರದ ನಡುಛಾಯೆಗಳನ್ನು ಸ್ವಲ್ಪ ತಿಳಿ ಮಾಡಿಕೊಳ್ಳಬೇಕು. ಒಂದೇ ಜಾಗದಲ್ಲಿ ಬೀಳುವ ನಾಲ್ಕೂ ಇಂಕಿನ ಶೇಕಡಾ ಕೂಡಿಸಿದರೆ ಆರ್ಟ್ ಪೇಪರಿಗೆ 300% ದಾಟದಿರಲಿ, ಮ್ಯಾಪ್ಲಿಥೋಗೆ ಇನ್ನೂ ಕಡಿಮೆ. ಪ್ರೆಸ್ಸಿನವರನ್ನೇ ಅಂಕಿ ಕೇಳಿ, ಯಂತ್ರ ಅವರದು.

ಬೂದು ಬಣ್ಣದ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಚಿತ್ರದುರ್ಗದ ಕೋಟೆಯ ಬಂಡೆಗಳ ಫೋಟೊ ಹಾಕಿದವರಿಗೆ ಇದು ಗೊತ್ತಿರುತ್ತದೆ. ಬಂಡೆ ಒಂದು ಪ್ರತಿಯಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಸಿರು. ನಾಲ್ಕು ಇಂಕಿನಲ್ಲಿ ಮಾಡಿದ ಬೂದು, ಒಂದು ಇಂಕು ಸ್ವಲ್ಪ ಏರಿದರೂ ಬಣ್ಣ ತಿರುಗುತ್ತದೆ. ಪೆನ್ಸಿಲ್ ಚಿತ್ರ, ಇದ್ದಿಲು ಚಿತ್ರ, ಹಳೆಯ ಕಪ್ಪು ಬಿಳುಪು ಫೋಟೊಗಳನ್ನು ಗ್ರೇಸ್ಕೇಲ್ ಮಾಡಿ, ಕಪ್ಪು ಇಂಕಿನಲ್ಲೇ ಅಚ್ಚು ಹಾಕಿಸಿ. ಬಣ್ಣ ತಿರುಗಲು ಅಲ್ಲಿ ಅವಕಾಶವೇ ಇರುವುದಿಲ್ಲ.

ಇಲ್ಲಿ ನಿಲ್ಲಬೇಕಾದ ಜಾಗ ಇದೆ. ಮುಖಪುಟದ ಚಿತ್ರದ ಬಣ್ಣ ಮೂರನೇ ಪ್ರೂಫಿಗೂ ಹತ್ತಿರ ಬರದಿದ್ದರೆ ಮನೆಯ ಮಾನಿಟರ್ ನಂಬಿ ಇನ್ನೂ ತಿದ್ದಬೇಡಿ. ಕಲಾವಿದರನ್ನು ಕರೆದುಕೊಂಡು, ಸಾಧ್ಯವಾದರೆ ಮೂಲ ಚಿತ್ರವನ್ನೂ ಹಿಡಿದುಕೊಂಡು, ಬಣ್ಣ ತಿದ್ದುವ ಕೆಲಸ ಗೊತ್ತಿರುವವರ ಹತ್ತಿರ ಹೋಗಿ. ಪ್ರೂಫನ್ನು ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹಗಲು ಹೊತ್ತು ಕಿಟಕಿ ಪಕ್ಕ ನೋಡಿ.

"ಒತ್ತಕ್ಷರ ಕಿತ್ತುಕೊಂಡು ಪಕ್ಕದಲ್ಲಿ ಬಿದ್ದಿದೆ"

ಕನ್ನಡದಲ್ಲಿ ಪತ್ರಿಕೆ ಮಾಡುವವರನ್ನು ಬೇರೆಲ್ಲಕ್ಕಿಂತ ಜಾಸ್ತಿ ಕಾಡುವುದು ಇದು. ಲಕ್ಷಣ ಮೂರು ಥರ, ಮೂರಕ್ಕೂ ಅರ್ಥ ಬೇರೆ.

ಇಡೀ ಪಠ್ಯ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಂಡರೆ ಲೇಖನ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಪದ್ಧತಿಯ ಫಾಂಟಿನಲ್ಲಿದೆ, ನಿಮ್ಮ ಪುಟ ಈಗಿನ ಪದ್ಧತಿಯಾದ ಯೂನಿಕೋಡಿನಲ್ಲಿದೆ. ಪರಿವರ್ತಕದಲ್ಲಿ ಬದಲಿಸಿ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಹುಡುಕಿ ಹುಡುಕಿ ಓದಿ. ವರ್ಣ, ಚರ್ಮ, ಮೂರ್ತಿ, ಪ್ರದರ್ಶನ: ಕಲಾ ಬರಹದಲ್ಲಿ ಇವು ಸಾಲಿಗೊಂದು ಬರುತ್ತವೆ, ಕೆಡುವುದೂ ಇವೇ. ಸಾಫ್ಟ್‌ವೇರ್, ಡಿಸೈನ್‌ಗೆ ಎನ್ನುವಂಥ ಪದಗಳಲ್ಲಿ ನಡುವಿನ ಅರ್ಧಾಕ್ಷರ ಒತ್ತಾಗಿ ಮುಂದಿನದಕ್ಕೆ ಅಂಟಿಕೊಂಡಿದೆಯೇ ಎಂದೂ ನೋಡಿ.

ಅಕ್ಷರ ಕನ್ನಡವೇ, ಒತ್ತು ಮಾತ್ರ ಕೆಳಗೆ ಕೂರದೆ ಹಲಂತವಾಗಿ ಬಿಡಿಬಿಡಿಯಾಗಿದ್ದರೆ ಸಾಫ್ಟ್‌ವೇರಿನ ಜೋಡಣೆಯ ಆಯ್ಕೆ ತಪ್ಪಿದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪಟ್ಟಿಯಿಂದ "ವರ್ಲ್ಡ್ ರೆಡಿ" ಕಂಪೋಸರ್ ಆರಿಸಿ. ಭಾಷೆ ಕನ್ನಡ ಅಂತ ಇರಲಿ. ಹಳೆಯ ಪೇಜ್‌ಮೇಕರ್ ಬಳಸುವ ಕಡೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುವುದಿಲ್ಲ, ಅಲ್ಲಿ ಹಳೆಯ ಪದ್ಧತಿಯ ಫಾಂಟೇ ಬೇಕಾಗುತ್ತದೆ. ದುಡ್ಡು ಕೊಡದೆ ಕೆಲಸ ಮಾಡಬೇಕೆಂದರೆ ಸ್ಕ್ರೈಬಸ್‌ನ ಹೊಸ ಆವೃತ್ತಿಗಳು ಕನ್ನಡವನ್ನು ಜೋಡಿಸುತ್ತವೆ.

ನಿಮ್ಮಲ್ಲಿ ಸರಿ, ಪ್ರೆಸ್ಸಿನಲ್ಲಿ ಮಾತ್ರ ತಪ್ಪು ಅಂದರೆ ಅಲ್ಲಿ ಫಾಂಟ್ ಇಲ್ಲ. ಮೂಲ ಫೈಲಿನ ಬದಲು ಫಾಂಟ್ ಒಳಗೊಂಡ ಪಿಡಿಎಫ್ ಕಳಿಸಿ. ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಬರೀ ಆಕಾರ) ಮಾಡಿ ಕಳಿಸುವ ಅಭ್ಯಾಸ ಹಲವರಿಗಿದೆ. ಮಾಡುವುದಾದರೆ ತಿದ್ದಬಹುದಾದ ಪ್ರತಿ ಬೇರೆ ಇಟ್ಟುಕೊಂಡು ಮಾಡಿ. ಯಾರದೋ ಪೆನ್‌ಡ್ರೈವಿನಿಂದ ಕದ್ದ ಫಾಂಟ್ ತಂದು ಹಾಕಬೇಡಿ, ವೈರಸ್ ಬಂದರೆ ಇಡೀ ಸಂಚಿಕೆ ಹೋಗುತ್ತದೆ. ನೋಟೊ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಎಲ್ಲವೂ ಪುಕ್ಕಟೆ ಸಿಗುತ್ತವೆ.

ಒತ್ತು ಸರಿಯಾಗಿದ್ದೂ ಓದಲು ತ್ರಾಸಾಗುತ್ತಿದ್ದರೆ ಸಾಲಿನ ಅಂತರ ಅಳೆಯಿರಿ. ಇಂಗ್ಲಿಷಿಗೆ 11 ಪಾಯಿಂಟ್ ಅಕ್ಷರಕ್ಕೆ 13 ಸಾಕಾಗಬಹುದು. ಕನ್ನಡಕ್ಕೆ 16, 17 ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಕಾಲಂ ಕಿರಿದಾಗಿದ್ದು ಪದಗಳ ನಡುವೆ ಬಿಳಿ ತೂತುಗಳು ಬಿದ್ದಿದ್ದರೆ ಎರಡೂ ಬದಿ ಸಮ ಮಾಡುವುದನ್ನು ಬಿಟ್ಟು ಎಡಕ್ಕೆ ಮಾತ್ರ ಸಮ ಮಾಡಿ. ನಮ್ಮ ಪದಗಳು ಉದ್ದ, ಮೂರು ಕಾಲಂಗಿಂತ ಎರಡು ಕಾಲಂ ಕನ್ನಡಕ್ಕೆ ಒಪ್ಪುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

"ಮಂಟಪ ಮಡಿಕೆಯೊಳಗೆ ಹೋಯ್ತು"

ಸಂತೇಬೆನ್ನೂರಿನ ಪುಷ್ಕರಣಿಯ ಚಿತ್ರ ಎರಡು ಪುಟಕ್ಕೂ ಹರಡಿದರೆ ಚೆನ್ನ ಅಂತ ಯಾರಿಗಾದರೂ ಅನ್ನಿಸುತ್ತದೆ. ನೀರಿನ ನಟ್ಟನಡುವೆ ವಸಂತ ಮಂಟಪ. ಪುಟದ ನಟ್ಟನಡುವೆ ಮಡಿಕೆ. ಪರದೆಯಲ್ಲಿ ಮಡಿಕೆ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಅಚ್ಚಾಗಿ ಬಂದ ಮೇಲೇ ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಬೇಡದ ಹಾಳೆಗಳನ್ನು ಮಡಿಸಿ ಪಿನ್ ಹೊಡೆದು ಸಂಚಿಕೆಯ ಡಮ್ಮಿ ಮಾಡಿ, ಪುಟಸಂಖ್ಯೆ ಬರೆಯಿರಿ, ಪ್ರಿಂಟನ್ನು ಅದಕ್ಕೆ ಅಂಟಿಸಿ ತೆರೆದು ನೋಡಿ. ಸೆಂಟರ್ ಪಿನ್ ಹೊಡೆದ ಪತ್ರಿಕೆ ಪೂರ್ತಿ ತೆರೆಯುತ್ತದೆ, ತೊಂದರೆ ಕಡಿಮೆ. ಗಮ್ ಬೈಂಡಿಂಗ್‌ನಲ್ಲಿ ಒಳ ಅಂಚಿನ ಕೆಲವು ಮಿಲಿಮೀಟರ್ ಕಣ್ಣಿಗೇ ಬೀಳುವುದಿಲ್ಲ. ಸೆಂಟರ್ ಪಿನ್ ಪತ್ರಿಕೆಯ ನಟ್ಟನಡುವಿನ ಎರಡು ಪುಟ ಒಂದೇ ಹಾಳೆ, ಹರಡಿದ ಚಿತ್ರಕ್ಕೆ ಅದೇ ಜಾಗ. ಬೇರೆ ಕಡೆಯಾದರೆ ಚಿತ್ರದ ಎರಡು ಅರ್ಧಗಳು ಬೇರೆ ಬೇರೆ ಹಾಳೆಯಲ್ಲಿ ಅಚ್ಚಾಗಿ ಬರುತ್ತವೆ, ಗೆರೆ ಕೂಡದೇ ಹೋಗಬಹುದು, ಬಣ್ಣವೂ ಬೇರೆಯಾಗಬಹುದು. ಜಾಗ ಬದಲಿಸಲು ಆಗದಿದ್ದರೆ ಚಿತ್ರವನ್ನು ಒಂದೇ ಪುಟಕ್ಕೆ ಇಳಿಸಿ. ಮಂಟಪ ಪಕ್ಕಕ್ಕೆ ಬರುವಂತೆ ಬದಿ ಕತ್ತರಿಸುವುದಕ್ಕಿಂತ ಅದು ಮೇಲು.

ಡಮ್ಮಿ ಮಾಡುವಾಗಲೇ ಪುಟಗಳ ಲೆಕ್ಕವೂ ಸರಿಹೋಗುತ್ತದೆ. ಪಿನ್ ಹೊಡೆಯುವ ಪತ್ರಿಕೆಯ ಪುಟಗಳು 4ರಿಂದ ಭಾಗವಾಗಲೇಬೇಕು. 46 ಪುಟದ ಸಂಚಿಕೆ ಅಂತ ಇಲ್ಲ, 44 ಅಥವಾ 48.

"ಅಂಚಿನಲ್ಲಿ ಬಿಳಿ ಗೆರೆ", "ಸಹಿ ಕತ್ತರಿಸಿ ಹೋಗಿದೆ"

ಕಟಿಂಗ್ ಮಷಿನ್ ಒಂದೆರಡು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಅಂಚಿನವರೆಗೆ ಹೋಗುವ ಬಣ್ಣ 3 ಮಿ.ಮೀ. ಹೊರಗೂ ಚಾಚಿರಲಿ. ಪುಟಸಂಖ್ಯೆ, ಅಕ್ಷರ ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿರಲಿ.

ಆದರೆ ಕಲಾಕೃತಿಯನ್ನು ಅಂಚಿನವರೆಗೆ ಹಾಕಲೇಬೇಡಿ. ಹೊರಗೆ ಚಾಚಿದ ಆ 3 ಮಿ.ಮೀ. ಕಲಾವಿದರ ಕೆಲಸದಿಂದಲೇ ಹೋಗುತ್ತದೆ, ಸಹಿ ಇರುವುದೂ ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲೇ. ಕೃತಿಯ ಸುತ್ತ ಬಿಳಿ ಬಿಡಿ. ಒಂದು ಭಾಗವನ್ನು ಮಾತ್ರ ದೊಡ್ಡದು ಮಾಡಿ ತೋರಿಸುವುದಾದರೆ ಕೆಳಗೆ "ಚಿತ್ರದ ಭಾಗ" ಎಂದು ಬರೆಯಿರಿ. ಕಲಾವಿದರ ಹೆಸರು, ಕೃತಿಯ ಹೆಸರು, ಮಾಧ್ಯಮ, ಅಳತೆ, ವರ್ಷ ಇಷ್ಟೂ ಇರಲಿ. ಮನೆಯಲ್ಲಿ ಅಂಚು ಕತ್ತರಿಸಿ ನೋಡುವವರು ಸ್ಟೀಲ್ ಸ್ಕೇಲ್ ಬಳಸಿ, ಬ್ಲೇಡ್ ಹೋಗುವ ದಾರಿಯಲ್ಲಿ ಬೆರಳು ಇಡಬೇಡಿ. ಪ್ರೆಸ್ಸಿನ ಕಟಿಂಗ್ ಮಷಿನ್ನಿಗಂತೂ ಅಲ್ಲಿಯವರನ್ನು ಬಿಟ್ಟು ಯಾರೂ ಕೈ ಹಾಕಬಾರದು.

"ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು"

ಕಪ್ಪು ಅಕ್ಷರ ನಾಲ್ಕು ಇಂಕಿನಲ್ಲಿ ಹೋಗಿದೆ. ವರ್ಡ್ ಫೈಲಿನಿಂದ ತಂದ ಪಠ್ಯದಲ್ಲಿ ಹೀಗಾಗುವುದು ಮಾಮೂಲಿ. ಬರೀ ಕಪ್ಪು 100% ಮಾಡಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬೇಕೇ ಬೇಕಾದರೆ ದಪ್ಪ ಫಾಂಟ್, ದೊಡ್ಡ ಅಳತೆ ಇರಲಿ. ಕನ್ನಡದ ಸಣ್ಣ ಸುಳಿಗಳಲ್ಲಿ ಇಂಕು ತುಂಬಿಕೊಳ್ಳುತ್ತದೆ.

"ತಿದ್ದಿದಷ್ಟೂ ಹೊಸ ತಪ್ಪು ಬರ್ತಿದೆ"

ಇದು ಪುಟದ ದೋಷವಲ್ಲ, ತಿದ್ದುವ ಕ್ರಮದ ದೋಷ. ಯಾರು ಯಾರು ತಿದ್ದುಪಡಿ ಕೊಡುತ್ತಿದ್ದಾರೆ ನೋಡಿ. ಲೇಖಕರು ಫೋನಿನಲ್ಲಿ, ಸಂಪಾದಕರು ಪ್ರಿಂಟಿನ ಮೇಲೆ, ಕಲಾವಿದರು ಧ್ವನಿ ಸಂದೇಶದಲ್ಲಿ ಹೇಳುತ್ತಿದ್ದರೆ ಒಂದು ತಿದ್ದುಪಡಿ ಇನ್ನೊಂದನ್ನು ಅಳಿಸುತ್ತದೆ. ಎಲ್ಲವೂ ಒಂದೇ ಪ್ರಿಂಟಿನ ಮೇಲೆ, ಒಬ್ಬರ ಕೈಯಿಂದ ಬರಲಿ. ಪಠ್ಯ ಮುಗಿಯುವ ತನಕ ಚಿತ್ರದ ಜಾಗವನ್ನು ನಾಜೂಕಾಗಿ ಕೂರಿಸಲು ಹೋಗಬೇಡಿ, ಎರಡು ಸಾಲು ಕೂಡಿದರೆ ಎಲ್ಲ ಜರುಗುತ್ತದೆ. ತಲೆಬರಹ, ಪಠ್ಯ, ಅಡಿಬರಹಕ್ಕೆ ಒಂದೊಂದು ಸ್ಟೈಲ್ ಮಾಡಿಕೊಂಡರೆ ಒಂದು ಕಡೆ ಬದಲಿಸಿದ್ದು ಇಡೀ ಸಂಚಿಕೆಗೆ ಹಬ್ಬುತ್ತದೆ. ಪ್ರತಿ ಸುತ್ತಿಗೂ ಫೈಲಿಗೆ ತಾರೀಖು ಹಾಕಿ ಹೊಸ ಪ್ರತಿ ಉಳಿಸಿ. ಒಂದು ಪ್ರತಿ ಕಂಪ್ಯೂಟರಿನ ಹೊರಗೆ, ಬೇರೆ ಡಿಸ್ಕಿನಲ್ಲಿ ಇರಲಿ. ಕರೆಂಟ್ ಹೋಗುವ ದಿನಗಳಲ್ಲಿ ಯುಪಿಎಸ್ ಇಲ್ಲದೆ ದೊಡ್ಡ ಫೈಲು ತೆರೆಯಬೇಡಿ.

ಅಚ್ಚಿನ ಪ್ಲೇಟ್ (ಇಂಕಿಗೊಂದರಂತೆ ಮಾಡುವ ತಗಡು) ಆದ ಮೇಲೆ ತಪ್ಪು ಸಿಕ್ಕರೆ ಹೆದರುವ ಮುನ್ನ ಲೆಕ್ಕ ಹಾಕಿ. ಬರೀ ಕಪ್ಪಿನಲ್ಲಿರುವ ಅಕ್ಷರದ ತಪ್ಪಾದರೆ ಕಪ್ಪು ಪ್ಲೇಟ್ ಒಂದನ್ನೇ ಹೊಸದು ಮಾಡಿಸಿದರೆ ಸಾಕು. ಬಣ್ಣದ ಚಿತ್ರ ಬದಲಿಸಿದರೆ ನಾಲ್ಕೂ ಪ್ಲೇಟ್ ಹೊಸದಾಗಬೇಕು. ಕಲಾವಿದರ ಹೆಸರು ತಪ್ಪಿದ್ದರೆ ಆ ಒಂದು ಪ್ಲೇಟಿನ ಖರ್ಚು ಮಾಡಲೇಬೇಕು.

ಲೇಔಟ್ ಮಾಡುವವರು ನಿಲ್ಲಬೇಕಾದ ಜಾಗ

ಚಿತ್ರದ ಹಕ್ಕಿನ ಪ್ರಶ್ನೆ ಬಂದರೆ ಪುಟದ ಕೆಲಸ ನಿಲ್ಲಿಸಿ, ಸಂಪಾದಕರಿಗೆ ಒಪ್ಪಿಸಿ. ಚಿತ್ರವನ್ನು ಕೊಂಡವರು ಒಪ್ಪಿದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ, ಅದು ಸಾಮಾನ್ಯವಾಗಿ ಕಲಾವಿದರ ಬಳಿಯೇ ಇರುತ್ತದೆ. ನಮ್ಮ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮನ ಚಿತ್ರಕ್ಕೆ ಆ ಅಡ್ಡಿಯಿಲ್ಲ. 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರ ಚಿತ್ರಕ್ಕೆ 2056ರ ಕೊನೆಯವರೆಗೂ ಅನುಮತಿ ಬೇಕು.

ಕೊನೆಯ ಪರೀಕ್ಷೆ ಪ್ರೆಸ್ಸಿನಲ್ಲಿ. ಯಂತ್ರ ಓಡುವಾಗ ಉರುಳೆಗಳ ಹತ್ತಿರ ದುಪಟ್ಟಾ, ಶಾಲು, ಸಡಿಲ ತೋಳು ಬೇಡ. ಇಂಕು ತೊಳೆಯುವ ದ್ರವ ಬೇಗ ಬೆಂಕಿ ಹಿಡಿಯುತ್ತದೆ, ಬೀಡಿ ಸಿಗರೇಟು ಹೊರಗೇ ಇರಲಿ. ಮುಖಪುಟ ಅಚ್ಚಾಗುವ ದಿನ ಹೋಗಿ ಮೊದಲ ಒಳ್ಳೆಯ ಹಾಳೆ ಕೇಳಿ. ಆಗಿನ್ನೂ ಇಂಕು ಸ್ವಲ್ಪ ಏರಿಸಬಹುದು, ಇಳಿಸಬಹುದು. ಒಪ್ಪಿಗೆಯಾದ ಹಾಳೆಗೆ ಸಹಿ ಮಾಡಿ ಮಷಿನ್ ನಡೆಸುವವರ ಮುಂದೆ ಇಡಿ. ಅಂಥದೇ ಇನ್ನೊಂದು ಹಾಳೆಯನ್ನು ಮನೆಗೆ ತನ್ನಿ, ಬೈಂಡಿಂಗ್ ಆಗಿ ಬಂದ ಪ್ರತಿಗಳನ್ನು ಅದರ ಪಕ್ಕ ಇಟ್ಟು ನೋಡಿ, ಆಮೇಲೆ ಬಿಲ್ ಕೊಡಿ.